ಇಳಿದ ಶ್ರುತಿಯ ಐವತ್ತೆರಡು ನಿಮಿಷ

ಬೆಳ್ತಂಗಡಿಯ ನನ್ನ ಸಂಗೀತದ ತರಗತಿಗೆ ಒಂದು ಮಂಗಳವಾರ ಸಂಜೆ ಇಪ್ಪತ್ತೇಳು ವರ್ಷದ ಯುವತಿಯೊಬ್ಬಳು ಬಂದಳು. ಪೇಟೆಯ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ. ಬಿಳಿ ಕೋಟನ್ನು ಇನ್ನೂ ಕೈಯ ಮೇಲೆ ಮಡಚಿ ಹಾಕಿಕೊಂಡಿದ್ದಳು. ಮಕ್ಕಳೆಲ್ಲ ಹೋಗುವವರೆಗೆ ಬಾಗಿಲ ಹತ್ತಿರ ನಿಂತಿದ್ದು ಆಮೇಲೆ ಕೇಳಿದಳು:

“ಟೀಚರ್, ಗಂಟಲು ಹಾಳಾಗದ ಹಾಗೆ ಬೊಬ್ಬೆ ಹೊಡೆಯುವುದು ಹೇಗೆ ಅಂತ ನೀವು ಕಲಿಸ್ತೀರಾ?”

ಇಪ್ಪತ್ತಾರು ವರ್ಷಗಳಿಂದ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಎಂದು ಮೂರು ಕಡೆ ಬಸ್ಸಿನಲ್ಲಿ ಓಡಾಡಿಕೊಂಡು ಕರ್ನಾಟಕ ಸಂಗೀತ ಕಲಿಸಿದ್ದೇನೆ. ಮದುವೆಗೆ ಮೊದಲು ನಾಲ್ಕು ಹಾಡು ಬೇಕು ಎಂದವರುಂಟು, ಸ್ಪರ್ಧೆಗೆ ಒಂದೇ ಹಾಡು ಸಾಕು ಎಂದವರುಂಟು. ಬೊಬ್ಬೆ ಕಲಿಯಲು ಬಂದವರು ಯಾರೂ ಇರಲಿಲ್ಲ.

“ಎಂತಕ್ಕೆ ಬೊಬ್ಬೆ?” ಎಂದೆ.

ಮೂವರ ಒಂದು ಬ್ಯಾಂಡ್ ಇದೆಯೆಂದೂ, ಸಿದ್ದಕಟ್ಟೆಯ ಹತ್ತಿರ ಮುಚ್ಚಿಹೋದ ಗೇರುಬೀಜದ ಶೆಡ್ಡಿನಲ್ಲಿ ಭಾನುವಾರ ಅಭ್ಯಾಸ ಮಾಡುತ್ತಾರೆಂದೂ, ತಾನು ಅದರಲ್ಲಿ ಬೇಸ್ ಗಿಟಾರ್ ನುಡಿಸುತ್ತ ಹಾಡುವವಳೆಂದೂ ಹೇಳಿದಳು. ಅವರದು ಡೂಮ್ ಮೆಟಲ್ ಎಂಬ ಬಗೆಯ ರಾಕ್ ಸಂಗೀತ. ಎರಡು ಹಾಡು ಮುಗಿಯುವಷ್ಟರಲ್ಲಿ ಗಂಟಲಿನಲ್ಲಿ ರಕ್ತದ ರುಚಿ ಬರುತ್ತದಂತೆ.

“ಡೂಮ್ ಅಂದರೆ?”

“ತುಂಬಾ ನಿಧಾನ ಟೀಚರ್. ತುಂಬಾ ಭಾರ. ಎಲ್ಲ ಮುಗಿಯಿತು ಅಂತ ಆದ ಮೇಲೂ ಹಾಡುವುದು.”

ಕೊನೆಯ ಆ ಮಾತು ನನಗೆ ಎಲ್ಲೋ ತಾಗಿತು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ.

ಅದಕ್ಕೆ ಎರಡು ವರ್ಷಗಳ ಹಿಂದೆ ನನ್ನ ಕುತ್ತಿಗೆಯಲ್ಲಿದ್ದ ಥೈರಾಯಿಡ್ ಗಂಟನ್ನು ತೆಗೆದಿದ್ದರು. ಸ್ವರದ ನರ ಪಕ್ಕದಲ್ಲೇ ಹಾದುಹೋಗುತ್ತದೆ, ಸ್ವರ ಬದಲಾದರೂ ಬದಲಾಗಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಯಾರನ್ನೂ ದೂರುವ ಹಾಗಿಲ್ಲ. ಬದಲಾಯಿತು. ನಾನು ಎತ್ತರದ ಐದೂವರೆ ಮನೆಯ ಶ್ರುತಿಯಲ್ಲಿ ಹಾಡುತ್ತಿದ್ದವಳು. ಮೇಲಿನ ಷಡ್ಜಕ್ಕೆ ಹೋಗಿ ಅಲ್ಲೇ ನಿಂತು ಕೆಳಗೆ ನೋಡುವುದು ನನಗೆ ಬಾಲ್ಯದಿಂದಲೂ ಸಲೀಸು. ಶಸ್ತ್ರಚಿಕಿತ್ಸೆಯ ನಂತರ ರಿಷಭದ ಹತ್ತಿರವೇ ಸ್ವರ ಒಡೆದು ಬರಿಯ ಗಾಳಿ ಬರತೊಡಗಿತು. ಶ್ರುತಿಪೆಟ್ಟಿಗೆಯನ್ನು ಇಳಿಸುತ್ತ ಇಳಿಸುತ್ತ ಎರಡೂವರೆ ಮನೆಗೆ ಬಂದು ನಿಂತೆ. ಅದು ಗಂಡಸರು ಹಾಡುವ ಶ್ರುತಿ. ಅಲ್ಲಿಯೂ ನನ್ನ ಸ್ವರದಲ್ಲಿ ಮರಳು ಕಲಸಿದ ಹಾಗಿತ್ತು, ಮಧ್ಯಮಕ್ಕೆ ಏರುವಾಗ ಒಡೆಯುತ್ತಿತ್ತು.

ಜನ ಒಳ್ಳೆಯವರು. “ಪಾಪ” ಎಂದರು. ಮೂಡಬಿದ್ರೆಯಲ್ಲಿ ನನ್ನ ಶನಿವಾರದ ತರಗತಿಗೆ ಸಭಾಂಗಣ ಬಿಟ್ಟುಕೊಟ್ಟಿದ್ದ ಭಜನಾ ಮಂಡಳಿಯ ಅಧ್ಯಕ್ಷರು, “ನೀವಿನ್ನು ವಿಶ್ರಾಂತಿ ತೆಗೆದುಕೊಳ್ಳಿ ಟೀಚರ್” ಎಂದರು. ಅಲ್ಲಿನ ವಾರ್ಷಿಕೋತ್ಸವದಲ್ಲಿ ಮೊದಲ ಹಾಡು ಹಾಡುವುದು ಯಾವಾಗಲೂ ನಾನೇ. ಆ ವರ್ಷದಿಂದ ಮಂಗಳೂರಿನ ಒಬ್ಬ ಗಾಯಕಿಯನ್ನು ಕರೆಸಿದರು. ನಾನು ವೇದಿಕೆಯ ಹಿಂದೆ ಕುಳಿತು ಮಕ್ಕಳ ಸಾಲು ಸರಿಮಾಡಿದೆ. ಎರಡು ವರ್ಷ ಹೀಗೇ ನಡೆಯಿತು. ಅವರು ಕೇಳಿದ್ದರೆ ಬೇಡವೆನ್ನುತ್ತಿದ್ದೆನೋ ಏನೋ. ಅವರು ಕೇಳಲೇ ಇಲ್ಲ.

ಲ್ಯಾಬಿನ ಹುಡುಗಿಗೆ ಉಸಿರು ಹಿಡಿಯುವುದನ್ನು ಕಲಿಸಲು ಒಪ್ಪಿಕೊಂಡೆ. ಬೊಬ್ಬೆಯಾಗಲಿ ಆಲಾಪವಾಗಲಿ, ಹೊಟ್ಟೆಯಿಂದ ಬಾರದಿದ್ದರೆ ಪೆಟ್ಟು ಬೀಳುವುದು ಗಂಟಲಿಗೇ. ಹೊರಡುವಾಗ ಅವಳು ನನ್ನ ಮೊಬೈಲಿಗೆ ಒಂದು ಆಲ್ಬಮ್ ಕಳಿಸಿದಳು. ಯಾವುದೋ ಚಳಿದೇಶದ ನಾಲ್ವರು ಮಾಡಿದ್ದು. ನಾಲ್ಕೇ ಹಾಡು, ಐವತ್ತೆರಡು ನಿಮಿಷ. “ಒಮ್ಮೆ ಕೇಳಿ ಟೀಚರ್, ಆಗ ನನಗೆ ಎಂತ ಬೇಕು ಅಂತ ನಿಮಗೆ ಗೊತ್ತಾಗ್ತದೆ” ಎಂದಳು.

ಬಸ್ಸಿನಲ್ಲಿ ಬರುತ್ತ ಕಿವಿಗೆ ಹಾಕಿಕೊಂಡೆ. ಗುರುವಾಯನಕೆರೆ ದಾಟುವವರೆಗೆ ಏನೋ ಗುಂಯ್ ಎನ್ನುತ್ತಿತ್ತು. ಹಾಡು ಶುರುವಾಗಿದೆಯೋ ಇಲ್ಲವೋ ತಿಳಿಯಲಿಲ್ಲ. ಮಡಂತ್ಯಾರಿನಲ್ಲಿ ಒಬ್ಬ ಗಂಡಸು ಗುಹೆಯೊಳಗಿಂದ ನರಳಿದ. ಪುಂಜಾಲಕಟ್ಟೆಗೆ ಬರುವಷ್ಟರಲ್ಲಿ ನನಗೆ ತಲೆನೋವು. ನಿಲ್ಲಿಸಿದೆ.

ಮುಂದಿನ ಮಂಗಳವಾರ ಅವಳಿಗೆ ನೇರವಾಗಿ ಹೇಳಿದೆ: “ನನಗೆ ಹಿಡಿಸಲಿಲ್ಲ ಮಾರಾಯ್ತಿ. ರಾಗ ಇಲ್ಲ, ಲಯ ಇಲ್ಲ.”

ಅವಳು ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. “ನೀವು ಕೇಳಿದ್ದಾ ಟೀಚರ್, ಅಲ್ಲ ಕಿವಿಗೆ ಬಿದ್ದದ್ದಾ?” ಎಂದಳು.

ಅದು ನನ್ನದೇ ಮಾತು. ಗೋಡೆ ನೋಡಿಕೊಂಡು ಹಾಡುವ ಮಕ್ಕಳಿಗೆ ನಾನು ವಾರಕ್ಕೆ ಹತ್ತು ಸಲ ಹೇಳುವುದು ಇದನ್ನೇ. ಬಾಗಿಲ ಹತ್ತಿರ ಕಾಯುವಾಗ ಅವಳು ಕೇಳಿಸಿಕೊಂಡಿರಬೇಕು. ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬುಧವಾರ ಮಧ್ಯಾಹ್ನ ಊಟದ ಮೊದಲು ಮನೆಯ ಹಳೆಯ ಆಂಪ್ಲಿಫೈಯರಿನ ಧೂಳು ಒರೆಸಿದೆ. ಮದುವೆಯಾದ ಹೊಸತರಲ್ಲಿ ಕ್ಯಾಸೆಟ್ ಕೇಳಲೆಂದು ನನ್ನ ಗಂಡ ತಂದದ್ದು. ಸೊಂಟದೆತ್ತರದ ಎರಡು ಮರದ ಸ್ಪೀಕರುಗಳು. ಮೊಬೈಲನ್ನು ಅದಕ್ಕೆ ಜೋಡಿಸಿ, ಶ್ರುತಿಪೆಟ್ಟಿಗೆ ಪಕ್ಕದಲ್ಲಿಟ್ಟು, ನೋಟ್‌ಪುಸ್ತಕ ತೆರೆದು ನೆಲದ ಮೇಲೆ ಕುಳಿತೆ. ತಪ್ಪುಗಳನ್ನು ಪಟ್ಟಿ ಮಾಡಿ ಅವಳ ಮುಂದೆ ಹಿಡಿಯುವುದೇ ನನ್ನ ಉದ್ದೇಶ.

ಬಸ್ಸಿನಲ್ಲಿ ಬರಿಯ ಗುಂಯ್ ಎಂದದ್ದು ಒಂದೇ ಒಂದು ತಂತಿಯ ಸದ್ದು. ಅದನ್ನು ಮೀಟಿ ಬಿಟ್ಟಿದ್ದರು, ಅಷ್ಟೆ. ಅದು ಸಾಯುವವರೆಗೆ ಕಾದಿದ್ದರು. ಶ್ರುತಿಪೆಟ್ಟಿಗೆಯ ಕೀಲಿ ತಿರುಗಿಸುತ್ತ ಹುಡುಕಿದೆ; ಏಳನೆಯ ಮನೆಗೆ ಕುಳಿತಿತು, ಆದರೆ ನಾನು ಹಾಡುವ ಜಾಗಕ್ಕಿಂತ ಎರಡು ಸ್ಥಾಯಿ ಕೆಳಗೆ. ತಂತಿಗಳನ್ನು ಬೇಕೆಂದೇ ಸಡಿಲಿಸಿ ಅಲ್ಲಿಗೆ ಇಳಿಸಿದ್ದರು. ಅಡುಗೆಮನೆಯ ಸ್ಟೀಲ್ ಲೋಟಗಳು ನಡುಗಿದವು. ಆ ಸದ್ದು ನನ್ನ ಎದೆಯ ಮೂಳೆಯಲ್ಲಿ ಬಂದು ಕುಳಿತಿತು.

ಡ್ರಮ್ ಬಂತು. ತೊಡೆಯ ಮೇಲೆ ತಾಳ ಹಾಕಲು ಹೋದೆ. ಒಂದು ಪೆಟ್ಟು ಬಿದ್ದ ಮೇಲೆ ಇನ್ನೊಂದು ಬೀಳಬೇಕಾದ ಜಾಗಕ್ಕೆ ನನ್ನ ಕೈ ಮೊದಲೇ ಹೋಗಿ ಬಿದ್ದಿತು. ಎರಡನೆಯ ಸಲವೂ ಹಾಗೆಯೇ. ಇಪ್ಪತ್ತಾರು ವರ್ಷಗಳಿಂದ “ಓಡಬೇಡಿ, ಓಡಬೇಡಿ” ಎಂದು ಮಕ್ಕಳಿಗೆ ಗದರುವ ನಾನೇ ಓಡುತ್ತಿದ್ದೆ! ಐದಾರು ಸಲ ಮೊದಲಿನಿಂದ ಹಾಕಿದ ಮೇಲೆ ಕೈ ಹಿಡಿತಕ್ಕೆ ಬಂತು. ಆಗ ಆ ಎರಡು ಪೆಟ್ಟುಗಳ ನಡುವೆ ಏನೇನಿದೆ ಎಂದು ಕೇಳತೊಡಗಿತು. ತಾಳದ ತಟ್ಟೆಯ ಸದ್ದು ತೆಳುವಾಗುತ್ತ ಹೋಗುವುದು, ಬೆರಳು ತಂತಿಯ ಮೇಲೆ ಜಾರುವ ಕಿರ್ ಸದ್ದು, ಹಾಡುವವನು ಬಾಯಿ ತೆರೆಯುವ ಮೊದಲು ಎಳೆದುಕೊಂಡ ಉಸಿರು. ಅವನು ಬೊಬ್ಬೆ ಹೊಡೆಯುತ್ತಿರಲಿಲ್ಲ. ಹೊಟ್ಟೆಯಿಂದ ಒಂದೇ ಉಸಿರನ್ನು ಹದಿನಾರು ಎಣಿಕೆಯವರೆಗೆ ಬಿಗಿಹಿಡಿದು ಬಿಡುತ್ತಿದ್ದ. ನನ್ನ ಒಳ್ಳೆಯ ಶಿಷ್ಯರಲ್ಲಿ ಇಬ್ಬರಿಗೆ ಮಾತ್ರ ಅದು ಸಾಧ್ಯ.

ರಾಗ ಇಲ್ಲ ಎಂದಿದ್ದೆನಲ್ಲ, ಅದನ್ನೂ ಹೊಡೆದುಹಾಕಬೇಕಾಯಿತು. ಷಡ್ಜದ ಪಕ್ಕದಲ್ಲೇ ಒತ್ತಿಕೊಂಡ ಶುದ್ಧ ರಿಷಭ, ಸಾಧಾರಣ ಗಾಂಧಾರ, ಅಲ್ಲಿಂದ ಎಟುಕಿ ಹಿಡಿದ ಪ್ರತಿ ಮಧ್ಯಮ. ನಮ್ಮ ಶುಭಪಂತುವರಾಳಿ ರಾಗದ ಕೆಳಗಿನ ಅರ್ಧ ಅದು. ಅವರಿಗೆ ಆ ಹೆಸರು ಗೊತ್ತಿರಲಾರದು. ದುಃಖಕ್ಕೆ ನಾವು ಹೋಗುವ ದಾರಿಯಲ್ಲೇ ಅವರೂ ನಡೆದುಬಂದಿದ್ದರು.

ಎರಡನೆಯ ಹಾಡು ನನಗೆ ಈಗಲೂ ಇಷ್ಟವಿಲ್ಲ, ಸುಮ್ಮನೆ ಎಳೆದಿದ್ದಾರೆ. ಮೂರನೆಯದು ಪರವಾಗಿಲ್ಲ. ನಾಲ್ಕನೆಯದರಲ್ಲಿ ಗುಡುಗು ನಿಂತು, ಅದೇ ಮನುಷ್ಯ ಸಾದಾ ಸ್ವರದಲ್ಲಿ, ಬಹಳ ಕೆಳಗೆ, ಒಬ್ಬನೇ ಹಾಡಿದ. ಐದನೆಯ ನಿಮಿಷದಲ್ಲಿ ಅವನ ಸ್ವರ ಒಡೆಯಿತು. ಗಾಂಧಾರದಿಂದ ಮಧ್ಯಮಕ್ಕೆ ಹೋಗುವಾಗ, ನನ್ನದು ಒಡೆಯುವ ಅದೇ ಜಾಗದಲ್ಲಿ, ಬರಿಯ ಗಾಳಿ ಬಂತು. ಅವನು ನಿಲ್ಲಿಸಲಿಲ್ಲ. ಕೆಮ್ಮಲಿಲ್ಲ. ಆ ಗಾಳಿಯನ್ನೇ ಹಿಡಿದುಕೊಂಡು ಮುಂದಿನ ಸ್ವರಕ್ಕೆ ನಡೆದ.

ನಾನು ಅದನ್ನು ಹಿಂದಕ್ಕೆ ಹಾಕಿ ಮತ್ತೆ ಕೇಳಿದೆ. ಎಷ್ಟು ಸಲವೋ ಗೊತ್ತಿಲ್ಲ. ಬಿ.ಸಿ.ರೋಡಿನಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ನನ್ನ ಗಂಡ ಊಟಕ್ಕೆ ಬಂದವರು ಅಂಗಳದಲ್ಲೇ ನಿಂತುಬಿಟ್ಟಿದ್ದರು.

“ಎಂತದಿದು? ಹೈವೇ ಕೆಲಸ ಮನೆಯ ಒಳಗೆ ಬಂತಾ?”

“ಹಾಡು ಕೇಳ್ತಾ ಇದ್ದೇನೆ.”

“ಅಳುದೆಂತಕ್ಕೆ ಮತ್ತೆ?”

ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ. “ಅನ್ನ ಮಾಡಿಲ್ಲ” ಎಂದೆ. ಅವರು ತಾವೇ ಕುಕ್ಕರ್ ಇಟ್ಟು, ನನ್ನ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತರು. ಹಾಡು ಮುಗಿದ ಮೇಲೆ, “ಸಾವಕಾಶ ಉಂಟು ಮಾತ್ರ” ಎಂದರು.

ಮುಂದಿನ ವಾರ ಹುಡುಗಿಯನ್ನು ಕೇಳಿದೆ, “ನಾಲ್ಕನೆಯ ಹಾಡಿನಲ್ಲಿ ಸ್ವರ ಒಡೆದದ್ದು ನಿನಗೆ ಗೊತ್ತುಂಟಾ?”

“ಗೊತ್ತುಂಟು. ಈಗ ಕಂಪ್ಯೂಟರಲ್ಲಿ ಅದನ್ನು ಒಂದು ನಿಮಿಷದಲ್ಲಿ ಸರಿ ಮಾಡಬಹುದು ಟೀಚರ್. ಅವರು ಮಾಡ್ಲಿಲ್ಲ. ಬೇಕು ಅಂತಲೇ ಇಟ್ಟದ್ದು.”

ಆ ಶನಿವಾರ ಮೂಡಬಿದ್ರೆಯ ತರಗತಿಯಲ್ಲಿ ಮಕ್ಕಳು ವಿಳಂಬದ ಪಾಠವನ್ನು ಎಂದಿನಂತೆ ಬಸ್ಸು ತಪ್ಪುವವರ ಹಾಗೆ ಓಡಿಸುತ್ತಿದ್ದರು. ನಾನು ಆಲ್ಬಮಿನ ಮೊದಲ ಹಾಡಿನ ಹತ್ತು ನಿಮಿಷ ಹಾಕಿ, “ಇದಕ್ಕೆ ತಾಳ ಹಾಕಿ ನೋಡುವ” ಎಂದೆ. ಮಕ್ಕಳು ಮೊದಲು ನಕ್ಕರು. ಆಮೇಲೆ ಹಟಕ್ಕೆ ಬಿದ್ದರು. ಯಾರ ಕೈ ಮೊದಲು ಬೀಳುತ್ತದೋ ಅವರು ಸೋತ ಹಾಗೆ. ಹತ್ತೊಂಬತ್ತು ಮಕ್ಕಳು ಉಸಿರು ಬಿಗಿಹಿಡಿದು ಕೈಯನ್ನು ಗಾಳಿಯಲ್ಲಿ ನಿಲ್ಲಿಸಿ ಕಾಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಆಮೇಲೆ ಹಾಡಿಸಿದ ಪಾಠ ಮೊದಲ ಸಲ ನಿಂತು ನಡೆಯಿತು.

ಮರುದಿನ ಬೆಳಿಗ್ಗೆ ಒಬ್ಬ ತಾಯಿಯ ಫೋನ್. “ಟೀಚರ್, ನೀವು ಮಕ್ಕಳಿಗೆ ಪಿಶಾಚಿಯ ಹಾಡು ಕೇಳಿಸಿದ್ದೀರಂತೆ? ನನ್ನ ಮಗಳು ಊಟ ಮಾಡುವಾಗಲೂ ಮೇಜಿಗೆ ಕುಟ್ಟುತ್ತಾಳೆ.”

“ಲಯ ಸರಿಯಾಗಿ ಕುಟ್ಟುತ್ತಾಳಾ?” ಎಂದೆ. ಅದು ಅವರಿಗೆ ತಮಾಷೆಯಾಗಿ ಕೇಳಿಸಲಿಲ್ಲ.

ಎರಡು ದಿನಗಳಲ್ಲಿ ಅಧ್ಯಕ್ಷರಿಂದ ಬುಲಾವ್ ಬಂತು. ಅವರು ನಿವೃತ್ತ ಮುಖ್ಯೋಪಾಧ್ಯಾಯರು. ಒಂದು ಕಾಲದಲ್ಲಿ ನನ್ನ ಹಾಡು ಕೇಳಿ ಕಣ್ಣು ಒರೆಸಿಕೊಂಡವರು. ಅವರ ಮನೆಯ ಜಗಲಿಯಲ್ಲಿ ನನಗೆ ಬೆಲ್ಲ, ನೀರು ಕೊಟ್ಟರು. ಜೊತೆಗೆ ಮಂಡಳಿಯ ಇನ್ನಿಬ್ಬರು ಕುಳಿತಿದ್ದರು.

“ನೀವು ತಪ್ಪು ತಿಳಿಯಬಾರದು. ಆ ಪಿಶಾಚಿ ಹಾಡೊಂದು ಕೇಳ್ಸುದು ನಿಲ್ಲಿಸಿ. ತಂದೆ ತಾಯಿಯರಿಗೆ ಒಂದು ಮಾತು, ಗೊತ್ತಿಲ್ಲದೆ ಆಯಿತು ಅಂತ ಹೇಳಿಬಿಡಿ. ಮುಗಿಯಿತು” ಎಂದರು.

“ಗೊತ್ತಿದ್ದೇ ಹಾಕಿದ್ದು ಸರ್. ನೀವು ಒಮ್ಮೆ ಕೇಳಿ ನೋಡಿ. ಮೊಬೈಲಿನಲ್ಲಿ ಉಂಟು.”

“ನನಗೆ ಅದೆಲ್ಲ ಬೇಡ.”

“ಕೇಳದೆ ಪಿಶಾಚಿ ಅಂತ ಹೇಗೆ ಗೊತ್ತಾಯಿತು?”

ಇನ್ನಿಬ್ಬರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡು ಮಾತು ತಿರುಗಿಸಿದರು. ವಾರ್ಷಿಕೋತ್ಸವ ಬರುತ್ತಿದೆ, ಮಂಗಳೂರಿನ ಗಾಯಕಿಗೆ ಹೇಳಿಯಾಗಿದೆ, ನಾನು ಮಕ್ಕಳನ್ನು ನೋಡಿಕೊಂಡರೆ ಸಾಕು ಎಂದರು. ಎರಡು ವರ್ಷ ನಾನು ಆ ಮಾತಿಗೆ ತಲೆಯಾಡಿಸಿದ್ದೆ. ಈ ಸಲ ತಲೆ ಅಲುಗಾಡಲಿಲ್ಲ.

“ಮೊದಲ ಹಾಡು ಈ ವರ್ಷ ನಾನೇ ಹಾಡ್ತೇನೆ.”

ಅಧ್ಯಕ್ಷರು ನನ್ನ ಮುಖ ನೋಡಿದರು. ಅವರ ದನಿಯಲ್ಲಿ ನಿಜವಾದ ಕನಿಕರವಿತ್ತು. ಅದೇ ನನಗೆ ಸಹಿಸಲಾಗದ್ದು. “ಟೀಚರ್, ನಿಮ್ಮ ಸ್ವರ ಮೊದಲಿನ ಹಾಗೆ ಇಲ್ಲ ಅಲ್ವಾ? ಜನರ ಎದುರು ನಿಮಗೇ ಬೇಸರ ಆಗಬಾರದು ಅಂತ ನಾವು...”

“ಮೊದಲಿನ ಹಾಗೆ ಇಲ್ಲ. ಈಗಿನ ಹಾಗೆ ಉಂಟು. ಅದರಲ್ಲೇ ಹಾಡ್ತೇನೆ. ನನಗೆ ಬೇಸರ ಆಗುದಿಲ್ಲ.”

“ಯಾವ ರಾಗ?”

“ಶುಭಪಂತುವರಾಳಿ.”

“ಸುರುವಿಗೇ ಅಳುವ ರಾಗವಾ? ಮಂಗಳ ಕಾರ್ಯಕ್ರಮಕ್ಕೆ?”

“ಹೌದು” ಎಂದು ಎದ್ದೆ. ಜಗಲಿಯಿಂದ ಇಳಿದು ಚಪ್ಪಲಿ ಹಾಕಿಕೊಂಡೆ. ಅವರು ಆಗುವುದಿಲ್ಲ ಎನ್ನಲಿಲ್ಲ. ಇಪ್ಪತ್ತು ವರ್ಷ ಆ ಸಭಾಂಗಣದಲ್ಲಿ ಕಲಿಸಿದವಳಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಲು ಅವರಿಗೂ ಆಗಲಿಲ್ಲ.

ನನ್ನೊಂದಿಗೆ ಯಾವಾಗಲೂ ಮೃದಂಗ ನುಡಿಸುವವರು ಮೂಡಬಿದ್ರೆಯವರೇ, ಅರುವತ್ತು ದಾಟಿದವರು. ಅವರ ಮನೆಗೆ ಹೋಗಿ ಹಾಡಬೇಕೆಂದಿದ್ದ ನಿಧಾನದ ಕಾಲಪ್ರಮಾಣವನ್ನು ಹಾಡಿ ತೋರಿಸಿದೆ. ಅವರು ಮೃದಂಗದ ಮೇಲೆ ಕೈಯಿಟ್ಟುಕೊಂಡು ಕಾದರು, ಕಾದರು, ಕೊನೆಗೆ, “ಇದೆಂತ ಸಾವು ಮಾರಾಯ್ರೆ, ಇದರ ನಡುವೆ ಹೋಗಿ ಒಂದು ಚಾ ಕುಡಿದು ಬರಬಹುದು” ಎಂದರು.

“ಕುಡಿದು ಬನ್ನಿ. ಆದರೆ ಪೆಟ್ಟು ಸರಿಯಾದ ಜಾಗಕ್ಕೆ ಬೀಳಬೇಕು.”

ಗೊಣಗುತ್ತಲೇ ಒಪ್ಪಿದರು. ಮೂರು ವಾರ ನಾವು ಅಭ್ಯಾಸ ಮಾಡಿದೆವು. ಲ್ಯಾಬಿನ ಹುಡುಗಿಗೆ ಕಲಿಸಿದ್ದ ಉಸಿರಿನ ಪಾಠವನ್ನೇ ನಾನೂ ಮೊದಲಿನಿಂದ ಮಾಡಿದೆ. ಕೆಳಗಿನ ಸ್ವರಗಳು ಹೀಗಿರುತ್ತವೆಂದು ನನಗೆ ಗೊತ್ತೇ ಇರಲಿಲ್ಲ. ಮೇಲಿನ ಷಡ್ಜ ಕೈಯಲ್ಲಿದ್ದ ಕಾಲದಲ್ಲಿ ಮಂದ್ರಕ್ಕೆ ಇಳಿಯುವುದೆಂದರೆ ನಮಸ್ಕಾರ ಹೇಳಿ ಹೊರಟುಬರುವ ಜಾಗ. ಈಗ ಅಲ್ಲೇ ಕುಳಿತುಕೊಂಡೆ. ಮಂದ್ರದ ಪಂಚಮವನ್ನು ಹಿಡಿದರೆ ಎದೆಯ ಮೂಳೆ ನಡುಗುತ್ತದೆ; ಸ್ವರದಲ್ಲಿರುವ ಮರಳು ಅಲ್ಲಿ ದೋಷವಾಗಿ ಕೇಳುವುದಿಲ್ಲ, ಅದರ ಮೈಯಾಗಿ ಕೇಳುತ್ತದೆ.

ಕಾರ್ಯಕ್ರಮದ ದಿನ ಸಂಜೆ ಐದಕ್ಕೆ ಸಭಾಂಗಣ ತುಂಬಿತ್ತು. ಮಂಗಳೂರಿನ ಗಾಯಕಿಯೂ ಬಂದಿದ್ದರು; ನನ್ನ ನಂತರ ಅವರದು. ಮುಂದಿನ ಸಾಲಿನಲ್ಲಿ ನನ್ನ ಗಂಡ, ಅವರ ಪಕ್ಕದಲ್ಲಿ ಕಪ್ಪು ಅಂಗಿ ತೊಟ್ಟ ಲ್ಯಾಬಿನ ಹುಡುಗಿ. ಎರಡೂವರೆ ಮನೆಗೆ ಶ್ರುತಿ ಹಾಕಿದಾಗಲೇ ಯಾರೋ ಹಿಂದೆ, “ತಪ್ಪಿ ಹಾಕಿದ್ದಾರಾ?” ಎಂದದ್ದು ಕೇಳಿಸಿತು.

ಷಡ್ಜ ಹಿಡಿದೆ. ಅದು ಸಾಯುವವರೆಗೆ ಕಾದೆ. ಆಮೇಲೆ ರಿಷಭ. ಒಂದು ಮಗು ಅತ್ತಿತು. ಹತ್ತು ನಿಮಿಷವಾಗುವಷ್ಟರಲ್ಲಿ ಬಲಬದಿಯ ಎರಡು ಸಾಲು ಎದ್ದು ಚಹಾದ ಕಡೆ ಹೋಯಿತು. ಕುರ್ಚಿ ಎಳೆಯುವ ಸದ್ದು ಚೆನ್ನಾಗಿ ಕೇಳುತ್ತಿತ್ತು, ಯಾಕೆಂದರೆ ನನ್ನ ಹಾಡಿನಲ್ಲಿ ಅಷ್ಟು ಜಾಗವಿತ್ತು. ಹಿಂದಿನ ನಾನಾಗಿದ್ದರೆ ಹೆದರಿ ಓಡುತ್ತಿದ್ದೆ, ಚುರುಕಿನ ಒಂದು ಸ್ವರಪ್ರಸ್ತಾರ ಹಾಕಿ ಜನರನ್ನು ಹಿಡಿದಿಡಲು ನೋಡುತ್ತಿದ್ದೆ. ಓಡಲಿಲ್ಲ. ಹೋಗುವವರು ಹೋಗಲಿ, ಅವರು ಬಾಗಿಲು ದಾಟಿದ ಮೇಲೇ ಮುಂದಿನ ಸ್ವರ.

ಮಧ್ಯಮಕ್ಕೆ ಏರುವಾಗ ಒಡೆಯಿತು. ಒಡೆಯುತ್ತದೆಂದು ಗೊತ್ತಿತ್ತು. ಆ ಸ್ವರವನ್ನು ಬಿಟ್ಟು ಹಾಡುವ ಉಪಾಯ ನನಗೆ ತಿಳಿಯದೇ ಇರಲಿಲ್ಲ, ಇಪ್ಪತ್ತಾರು ವರ್ಷದ ಅನುಭವಕ್ಕೆ ಅಂಥ ಉಪಾಯಗಳು ಬೇಕಷ್ಟಿವೆ. ಬೇಕೆಂದೇ ಏರಿದೆ. ಸ್ವರ ಹೋಗಿ ಗಾಳಿ ಉಳಿಯಿತು. ಮೈಕಿನಲ್ಲಿ ಆ ಗಾಳಿ ಇಡೀ ಸಭಾಂಗಣಕ್ಕೆ ಕೇಳಿತು. ಅಧ್ಯಕ್ಷರು ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ, ಆ ಗಾಳಿಯಲ್ಲೇ ಮಧ್ಯಮದ ಜಾಗವನ್ನು ನಾಲ್ಕು ಎಣಿಕೆ ಹಿಡಿದೆ. ಮೃದಂಗದವರ ಕೈ ಮೇಲೆಯೇ ನಿಂತಿತ್ತು. ಸರಿಯಾದ ಜಾಗಕ್ಕೆ, ಸರಿಯಾದ ಭಾರದಲ್ಲಿ, ಅದು ಬಿದ್ದಿತು. ನಾನು ಪಂಚಮದಲ್ಲಿದ್ದೆ.

ಮುಗಿದಾಗ ಚಪ್ಪಾಳೆ ತಕ್ಷಣ ಬರಲಿಲ್ಲ. ಬಂದದ್ದೂ ಅಲ್ಲಲ್ಲಿ. ಇದನ್ನು ದೊಡ್ಡ ವಿಜಯವೆಂದು ಹೇಳಿಕೊಳ್ಳುವ ಹಾಗಿಲ್ಲ. ಒಬ್ಬರು ನನ್ನ ಗಂಡನ ಹತ್ತಿರ, “ಟೀಚರಿಗೆ ಹುಷಾರಿಲ್ಲವಾ?” ಎಂದು ಕೇಳಿದರಂತೆ. “ಗಟ್ಟಿ ಇದ್ದಾಳೆ, ಅದಕ್ಕೇ ಹೀಗೆ” ಎಂದರಂತೆ ಅವರು. ಮೃದಂಗದವರು ಬಲಗೈ ತಿಕ್ಕಿಕೊಳ್ಳುತ್ತ ಬಂದು, “ಬಾರಿಸಿ ಅಲ್ಲ ಮಾರಾಯ್ರೆ, ಬಾರಿಸದೆ ಕೂತು ಕೈ ನೋವಾದದ್ದು ಇದೇ ಮೊದಲು” ಎಂದರು. ಲ್ಯಾಬಿನ ಹುಡುಗಿ ನನ್ನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಮಂಗಳೂರಿನ ಗಾಯಕಿ ವೇದಿಕೆಗೆ ಹೋಗುವ ಮೊದಲು, “ನಾನು ಈಗ ಹೇಗೆ ಹಾಡುದು ಹೇಳಿ!” ಎಂದರು. ಅದು ಹೊಗಳಿಕೆಯೋ ದೂರೋ ನನಗೆ ಇನ್ನೂ ತಿಳಿದಿಲ್ಲ.

ಮುಂದಿನ ಶನಿವಾರ ಸಭಾಂಗಣಕ್ಕೆ ಬೀಗ. ದುರಸ್ತಿ ಇದೆ ಎಂದು ಹೇಳಿ ಕಳಿಸಿದರು. ದುರಸ್ತಿ ನಡೆಯುತ್ತಿರಲಿಲ್ಲ. ಹತ್ತೊಂಬತ್ತು ಮಕ್ಕಳಲ್ಲಿ ಎಂಟು ಮಂದಿಯನ್ನು ಮನೆಯವರು ಬಿಡಿಸಿದರು. ಫೋನ್ ಮಾಡಿದ್ದ ತಾಯಿಯ ಮಗಳೂ ಅವರಲ್ಲಿ ಸೇರಿದ್ದಳು. ಅವಳದು ಒಳ್ಳೆಯ ಲಯ. ಅದೊಂದು ನೋವು ನನಗೆ ಹೋಗಿಲ್ಲ. ಉಳಿದ ಹನ್ನೊಂದು ಮಂದಿಯನ್ನು ಮೃದಂಗದವರು ತಮ್ಮ ಮನೆಯ ಕಾರ್ ಶೆಡ್ಡಿಗೆ ಕರೆದರು. ಕಾರನ್ನು ರಸ್ತೆಬದಿಗೆ ಹಾಕಿ, ಚಾಪೆ ಹಾಸಿ ಕುಳಿತೆವು. ಆಯಿಲಿನ ವಾಸನೆ ಮೊದಲ ಎರಡು ವಾರ ಇತ್ತು, ಆಮೇಲೆ ಅಭ್ಯಾಸವಾಯಿತು. ತಿಂಗಳಿಗೊಮ್ಮೆ ಕೊನೆಯ ಹತ್ತು ನಿಮಿಷ ಆಲ್ಬಮಿನ ಮೊದಲ ಹಾಡು ಹಾಕುತ್ತೇನೆ. ಯಾರ ಮನೆಯವರಿಗೆ ಬೇಡವೋ ಆ ಮಗು ಆಗ ಎದ್ದು ಹೋಗಬಹುದೆಂದು ಮೊದಲೇ ತಿಳಿಸಿದ್ದೇನೆ. ಇದುವರೆಗೆ ಯಾರೂ ಎದ್ದಿಲ್ಲ.

ನಾಲ್ಕು ತಿಂಗಳಾದ ಮೇಲೆ ಅಧ್ಯಕ್ಷರ ಫೋನ್ ಬಂತು. ನಾನು ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನಲ್ಲಿ ಮೂಡಬಿದ್ರೆಯ ಬಸ್ಸಿಗೆ ಕಾಯುತ್ತಿದ್ದೆ. ಅವರ ದನಿ ಮೆತ್ತಗಾಗಿತ್ತು.

“ಟೀಚರ್, ಕಾರ್ ಶೆಡ್ಡಿನಲ್ಲಿ ನೀವು ಕಲಿಸುದು ನಮಗೂ ಚಂದ ಕಾಣುದಿಲ್ಲ. ಸಭಾಂಗಣದ ಬೀಗ ತೆಗೆಸ್ತೇನೆ. ಬನ್ನಿ. ಆ ಹಾಡೊಂದು ಬೇಡ. ಮತ್ತೆ ಮುಂದಿನ ವರ್ಷ ಮೊದಲ ಹಾಡು ಮಂಗಳೂರಿನವರೇ ಹಾಡ್ಲಿ. ನೀವು ನಡುವಿನಲ್ಲಿ ಎಲ್ಲಾದರೂ ಒಂದು ಚಿಕ್ಕದು ಹಾಡಬಹುದು.”

ಕಂಡಕ್ಟರುಗಳು ಊರುಗಳ ಹೆಸರು ಕೂಗುತ್ತಿದ್ದರು. ನಾನು ಒಂದು ಕಿವಿ ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡೆ. ಅವರು ಕೆಟ್ಟವರಲ್ಲ, ನನಗೆ ಸಿಟ್ಟೂ ಇರಲಿಲ್ಲ.

“ಕರೆದದ್ದು ದೊಡ್ಡ ಮಾತು ಸರ್. ನಾನು ಬರುದಿಲ್ಲ.”

“ಅಷ್ಟು ಹಟ ಯಾಕೆ ನಿಮಗೆ?”

“ನಾನು ಚಿಕ್ಕದು ಹಾಡುದಿಲ್ಲ ಸರ್. ಉದ್ದದ್ದೇ ಹಾಡುದು. ನಿಮಗೆ ಯಾವಾಗ ಕೇಳುವ ಮನಸ್ಸಾಗ್ತದೋ ಆಗ ಕಾರ್ ಶೆಡ್ಡಿಗೆ ಬನ್ನಿ, ಕುರ್ಚಿ ಹಾಕಿಸ್ತೇನೆ.”

ಅಷ್ಟರಲ್ಲಿ ಬಸ್ಸು ಬಂತು. ಅವರು ಇನ್ನೂ ಏನೋ ಹೇಳುತ್ತಿದ್ದರು. ಹತ್ತಬೇಕು ಎಂದು ಹೇಳಿ ಫೋನ್ ಇಟ್ಟೆ.